ವೈರಿನ ಜಡೆ

೬ ಜನವರಿ ೨೦೨೬, ಮಂಗಳವಾರ

ಐದಕ್ಕೆ ಎದ್ದೆ. ನಲ್ಲಿ ಬಂತು. ಎಂಟು ಕೊಡ. ಯಲ್ಲಮ್ಮನಿಗೆ ಹೂ ಏರಿಸಿ, ಮಷಿನ್ನಿನ ಧೂಳು ಜಾಡಿಸಿ, ಹಳಿಗೆ ಎಣ್ಣೆ ಹಾಕಿದೆ. ಇವರು ಮಂಚದ ಮೇಲಿಂದಲೇ, ‘ಎಡಗಡೀದು ಬಿಟ್ಟಿ ನೋಡು’ ಅಂದರು. ಅದಕ್ಕೂ ಹಾಕಿದ್ದೆ. ಏನಾದರೂ ಅನ್ನಲೇಬೇಕು ಅವರಿಗೆ.

ಗುಡಿ ಬಾಗಿಲಿನ ಹಲಗೆ ಹತ್ತಿಸಿದೆವು. ಮಷಿನ್ನಿಗೆ ಮೊದಲ ಕೆಲಸ. ಇವರು ಕುಂಕಳ್ಳಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದಾಗಿನಿಂದ ಗುಜರಿ ಮೋಟಾರು, ಗುಜರಿ ಹಳಿ ಕೂಡಿಸಿ ನಾಲ್ಕು ವರ್ಷ ಕಟ್ಟಿದ್ದು. ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ ಕಟ್ಟಿಗೆಯಲ್ಲಿ ತಾನೇ ಕೆತ್ತುತ್ತದೆ. ಅದು ತಯಾರಾಗುವ ಹೊತ್ತಿಗೆ ಇವರ ಕೈ ನಡುಗಲು ಹತ್ತಿತು, ಹೆಚ್ಚಿನ ಹೊತ್ತು ಮಂಚವೇ ಆಯಿತು. ಈಗ ಕೈ ನಂದು, ತಲೆ ಅವರದು.

ತಾವರೆಯ ಎರಡು ಎಸಳು ಬೆಣ್ಣೆಯಲ್ಲಿ ಕೊರೆದ ಹಾಗೆ ಬಂದವು. ಮೂರನೆಯದರಲ್ಲಿ ಮಷಿನ್ ತಾನಾಗಿ ಪಕ್ಕಕ್ಕೆ ಜಿಗಿಯಿತು. ಹೂವಿನ ಮೇಲೆ ಅಡ್ಡ ಗೆರೆ. ಹಲಗೆ ಕೆಟ್ಟಿತು.

ಮಷಿನ್ ಬಂದ್ ಮಾಡಿದೆ. ರೊಟ್ಟಿ ತಿಂದೆವು.

೭ ಜನವರಿ

ಗುಜರಿ ಅಂಗಡಿಯ ಮೈಬೂಬಸಾಬರು ಯಾವುದೋ ಹಳೆಯ ಬಂಗಲೆ ಕೆಡವುವಾಗ ಗುಡಿಗೆಂದು ತಂದುಕೊಟ್ಟ ಸಾಗವಾನಿ. ಎರಡೇ ಹಲಗೆ. ಈಗ ಒಂದು.

ಸುದ್ದಿ ಕೇಳಿ ಗುಡಿ ಕಮಿಟಿಯ ಪಾಂಡಪ್ಪಣ್ಣ ಬಂದರು. ಜೊತೆಗೆ ಅಜಯ. ಮಡ್ಕಯಿಯ ಕಾರ್ಖಾನೆಯಲ್ಲಿ ಇಂಥದೇ ದೊಡ್ಡ ಮಷಿನ್ ನಡೆಸುತ್ತಾನೆ. ಎರಡು ನಿಮಿಷ ನೋಡಿದ.

‘ಕಾಕಾ, ಇದಕ್ಕ ನಾಯ್ಸ್ ಹಿಡದೈತ್ರಿ. ಕರೆಂಟಿನ ಕಿರಿಕಿರಿ. ಕಿವಿಗೆ ಕೇಳಂಗಿಲ್ಲ, ಆದ್ರ ಮೋಟಾರಿನ ಎಣಿಕಿ ತಪ್ಪಸ್ತೈತಿ.’ ಆಮೇಲೆ ದೇವರ ಜಗಲಿಗೆ ಬೆರಳು ತೋರಿಸಿದ. ‘ಆ ಬಲ್ಬಿನ ದೀಪ ಬಂದ್ ಮಾಡ್ರಿ ಅಕ್ಕಾರ. ಚೈನಾ ಅಡಾಪ್ಟರ್. ಅದ ಕಳ್ಳ.’

‘ನಿನ್ನ ಮೊಬೈಲ್ ಚಾರ್ಜರ್ ಯಾ ಊರಾಗ ಹುಟ್ಟೇತಪಾ?’ ಅಂದೆ.

ಪಾಂಡಪ್ಪಣ್ಣ ನಕ್ಕರು. ಆದರೆ ಮಾತು ನಗೆಯದಲ್ಲ. ‘ತಂಗಿ, ಬರೂ ಒಂದನೇ ತಾರೀಖಿಗೆ ಭಾರತ ಹುಣ್ಣಿಮಿ, ಅಮ್ಮನ ಹಬ್ಬ. ಇಪ್ಪತ್ತೈದಕ್ಕ ಬಾಗಲಾ ಕೈಯಾಗ ಇರಬೇಕು. ಇಲ್ಲಂದ್ರ ಉಳದ ಹಲಗಿ ಅಜಯ ತನ್ನ ಕಾರ್ಖಾನಿಗೆ ಒಯ್ತಾನ.’

‘ದೀಪ ಆರಸಂಗಿಲ್ಲ. ಬಾಗಲಾ ಕೊಡ್ತೀನಿ.’

ಇಪ್ಪತ್ತಾರು ವರ್ಷ ಅಮ್ಮನ ಮುಂದೆ ಆರದ ಎಣ್ಣೆಯ ದೀಪವೇ ಇತ್ತು. ಕೋಣೆ ತುಂಬ ಕಟ್ಟಿಗೆಯ ಹೊಟ್ಟು, ಕಿಡಿ ಬಿದ್ದೀತೆಂದು ಅಮ್ಮನಲ್ಲಿ ತಪ್ಪಾಯಿತೆಂದು ಬೇಡಿಕೊಂಡು ಬಲ್ಬು ಹಾಕಿದೆ. ಮಷಿನ್ನಿಗಾಗಿ ಒಮ್ಮೆ ಬಾಗಿದ್ದೇನೆ. ಯಾವನೋ ಹೀಗಿರಬಹುದು ಅಂದದ್ದಕ್ಕೆ ಎರಡನೆಯ ಸಲ ಬಾಗುವುದಿಲ್ಲ.

ಅವರು ಹೋದ ಮೇಲೆ ಇವರು ಗೋಡೆ ಕಡೆ ಮುಖ ಮಾಡಿ ಮಲಗಿದರು. ಉಣ್ಣಲು ಏಳಲಿಲ್ಲ. ಈ ಬಾಗಿಲೂ ಹೋದರೆ ಮತ್ತೆ ಮಂಚ ಬಿಡುವುದಿಲ್ಲ ಈ ಮನುಷ್ಯ. ಇಪ್ಪತ್ತೊಂಬತ್ತು ವರ್ಷ ಬಾಳಿದ್ದೇನೆ — ಗೊತ್ತು.

೯ ಜನವರಿ, ಶುಕ್ರವಾರ. ಬೆಳಿಗ್ಗೆ ೧೦

ದೀಪ ಕಳ್ಳನಲ್ಲ ಅಂತ ಆರಿಸದೆ ಸಾಬೀತು ಹೇಗೆ? ಎರಡು ದಿನ ಇದೇ ಯೋಚನೆ. ಇವತ್ತು ಅಮ್ಮನ ಫೋಟೋ ಎತ್ತಿ ಅಡುಗೆ ಕಟ್ಟೆಗೆ ತಂದೆ. ಎಣ್ಣೆಯ ದೀಪ ಹಚ್ಚಿದೆ. ‘ಒಂದ ತಾಸು ಇಲ್ಲೇ ಕುಂದ್ರವ್ವಾ’ ಅಂದೆ. ಅವಳ ಮುಂದೆ ಬೆಳಕು ಇದೆ. ಜಗಲಿಯ ಬಲ್ಬು ಆರಿಸಿದೆ. ತಪ್ಪೇನೂ ಆಗಲಿಲ್ಲ.

ಹಳೆಯ ಪ್ಲೈವುಡ್ಡಿನ ಮೇಲೆ ನೆಟ್ಟಗಿನ ಗೆರೆ ಕೆತ್ತಿಸಿದೆ. ಬಲ್ಬು ಹತ್ತಿದಾಗ ಹತ್ತು, ಆರಿದಾಗ ಹತ್ತು. ಹತ್ತಿದಾಗ ನಾಲ್ಕು ಗೆರೆ ಜಿಗಿದವು. ಆರಿದಾಗ ಐದು.

ಮಂಚಕ್ಕೆ ಒಯ್ದು ತೋರಿಸಿದೆ. ಇವರು ಬೆರಳಾಡಿಸಿ, ‘ದೇವಿ ಪಾಸ್. ನಾವು ನಾಪಾಸ್’ ಅಂದರು. ಎರಡು ದಿನದ ನಂತರ ಮೊದಲ ಮಾತು.

೧೨ ಜನವರಿ

ಕಟ್ಟಿಗೆ ಕೊರೆಯುವ ಬಿಟ್ ತಿರುಗಿಸುವ ಮೋಟಾರು, ಇವರು ಸ್ಪಿಂಡಲ್ ಅನ್ನುವುದು, ಅದನ್ನು ಬಂದ್ ಮಾಡಿ ಪಕ್ಕಕ್ಕೆ ಬಾಲ್‌ಪೆನ್ನು ಕಟ್ಟಿದೆ. ಹೋದ ವರ್ಷದ ಕ್ಯಾಲೆಂಡರಿನ ಹಿಂದೆ ಗೆರೆ ಹೊಡೆಸಿದೆ. ಇಪ್ಪತ್ತಕ್ಕೆ ಇಪ್ಪತ್ತೂ ನೆಟ್ಟಗೆ. ಪೆನ್ನು ಹಾಗೇ ಬಿಟ್ಟು ಸ್ಪಿಂಡಲ್ ತಿರುಗಿಸಿದೆ. ಏಳು ಜಿಗಿದವು.

ಕಳ್ಳ ಹೊರಗಿನವನಲ್ಲ. ನಮ್ಮ ಸ್ಪಿಂಡಲ್ಲೇ.

‘ಸ್ಪಿಂಡಲ್ ಬಿಟ್ಟು ಕೆತ್ತಾಕ ಬರಂಗಿಲ್ಲಲ್ಲ’ ಅಂದರು ಇವರು.

‘ಗೊತ್ರಿ. ಅದು ಎಲ್ಲೆ ಬಂದು ಕೆಣಕತೈತಿ, ಹುಡುಕತೀನಿ.’

೧೬ ಜನವರಿ, ಶುಕ್ರವಾರ

ಬರೆಯಲು ನಾಚಿಕೆ. ಬರೆಯುತ್ತೇನೆ.

ಸ್ಪಿಂಡಲ್ಲಿನ ವೈರು ಕರೆಂಟಿನ ಡಬ್ಬಿಯಿಂದ ಹೊರಡುವಲ್ಲಿ ಬೆರಳಿಟ್ಟು ಹಾಗೇ ಸವರುತ್ತ ಹೋದೆ. ಒಂದು ಗೇಣು ಹೋಗುವುದರೊಳಗೆ ಬೆರಳು ಜಡೆಗೆ ಬಂತು. ನನ್ನ ಜಡೆ.

ದೀಪಾವಳಿಗೆ ನಾನೇ ಹೆಣೆದದ್ದು. ವೈರು ಕಾಲಿಗೆ ತೊಡರುತ್ತವೆ, ಒಂದು ಕಡೆ ಕಟ್ಟು ಅಂದಿದ್ದರು ಇವರು. ನಾನು ಬರೀ ಕಟ್ಟುವವಳೇ? ಸ್ಪಿಂಡಲ್ಲಿನದು ಒಂದು ಎಳೆ, ಮಷಿನ್ನನ್ನು ಹಳಿಯ ಮೇಲೆ ಸರಿಸುವ ಸರ್ವೋ ಮೋಟಾರಿನ ಕರೆಂಟಿನದು ಒಂದು ಎಳೆ, ಆ ಮೋಟಾರು ಎಷ್ಟು ತಿರುಗಿದೆ ಅಂತ ಎಣಿಕೆ ಹೇಳುವ ಸಣ್ಣ ವೈರು ಒಂದು ಎಳೆ — ಮೂರನ್ನೂ ಬಿಗಿಯಾಗಿ ಹೆಣೆದು ತುದಿಗೆ ಕೆಂಪು ದಾರ ಬಿಗಿದಿದ್ದೆ. ಬಂದವರಿಗೆಲ್ಲ ತೋರಿಸಿದ್ದೆ. ಆರ್ಭಟ ಮಾಡುವವನನ್ನೂ ಎಣಿಸುವವನನ್ನೂ ಒಂದೇ ಹಾಸಿಗೆಯಲ್ಲಿ ಮಲಗಿಸಿ, ಎಣಿಕೆ ತಪ್ಪಿತೆಂದು ಊರೆಲ್ಲ ಹುಡುಕಿದೆ.

ಹಲಗೆ ಕೆಡಿಸಿದ್ದು ನಾನು.

ಮಧ್ಯಾಹ್ನ ಇವರಿಗೆ ಹೇಳಿದೆ. ಜಡೆಯ ಕಡೆ ಕತ್ತು ಹೊರಳಿಸಿದರು. ‘ಮೂರು ತಿಂಗಳ ದಿನಾ ನೋಡೀನಿ ಆ ಜಡಿ. ಇಪ್ಪತ್ತೆರಡು ವರ್ಷ ಫಿಟ್ಟರ್ ನಾ. ನನಗರೆ ಹೊಳೀತನು?’

ಅಳು ಬಂತು. ಅಳಲಿಲ್ಲ. ಜಡೆ ಬಿಚ್ಚಲು ಕೂತೆ.

೧೯ ಜನವರಿ

ಸ್ಪಿಂಡಲ್ಲಿನ ವೈರು ಬಲಗೋಡೆಗೆ. ಎಣಿಕೆಯದು ಎಡಗೋಡೆಗೆ. ನಡುವೆ ಎರಡು ಮೊಳ. ಇಪ್ಪತ್ತು ಗೆರೆಗೆ ಒಂದೇ ಜಿಗಿತ.

ಒಂದೂ ಬೇಡ ನನಗೆ. ಮೈಬೂಬಸಾಬರ ಗುಜರಿಗೆ ಹೋದೆ. ಮೇಲೆ ತಾಮ್ರದ ಜಾಲರಿ ಹೊದ್ದ ವೈರು ಹುಡುಕಿಕೊಟ್ಟರು. ‘ಗುಡೀದಲ್ಲ? ಒಯ್ಯಿರಿ ಬೆಹನ್’ ಅಂದರು. ಎಣಿಕೆಗೆ ಅದನ್ನೇ ಹಾಕಿದೆ. ಜಾಲರಿಯ ಒಂದು ತುದಿ ಬಿಡಾಡಿಯಾಗಿ ಬಿಡುವುದು ಸರಿ ಕಾಣಲಿಲ್ಲ, ಎರಡೂ ತುದಿ ಅರ್ಥಿಂಗಿಗೆ ಬಿಗಿದೆ. ಗೆರೆ ಹೊಡೆಸಿದರೆ — ಮೂರು ಜಿಗಿತ! ಹೆಚ್ಚಾಯಿತು!

ಮಂಚದಿಂದ ನಗು. ‘ಎರಡೂ ಕಡೆ ಕಟ್ಟಿದ್ರ ಜಾಲರಿಯೊಳಗ ಕರೆಂಟ್ ಸುತ್ತು ಹೊಡೀತೈತಿ ಸತ್ಯವ್ವಾ. ಡಬ್ಬಿ ಕಡೀದಷ್ಟ ಇಡು. ಕಾರ್ಖಾನ್ಯಾಗ ಬೈಸ್ಕೊಂಡು ಕಲ್ತದ್ದು ಅದು.’

‘ಮೊದಲ ಹೇಳಾಕ ಏನಾಗಿತ್ರಿ?’

‘ನೀ ಕೇಳಿದ್ಯೇನು?’

ಒಂದು ತುದಿ ಬಿಚ್ಚಿದೆ. ಇಪ್ಪತ್ತು ಗೆರೆ. ಮತ್ತೆ ಇಪ್ಪತ್ತು. ಒಂದೂ ಇಲ್ಲ.

೨೪ ಜನವರಿ, ಶನಿವಾರ. ಬೆಳಿಗ್ಗೆ ೯

ನಾಲ್ಕು ದಿನ ರದ್ದಿ ಕಟ್ಟಿಗೆಯ ಮೇಲೆ ತಾವರೆಯೇ ತಾವರೆ. ಒಂದು ಎಸಳೂ ಕೆಡಲಿಲ್ಲ. ಇವತ್ತು ಸಾಗವಾನಿ ಹತ್ತಿಸಿದೆ. ಕೊನೆಯ ಹಲಗೆ. ಎಂಟು ಎಸಳು.

ಅಜಯ ಬಂದಿದ್ದಾನೆ. ಪಾಂಡಪ್ಪಣ್ಣ ಕಳಿಸಿದ್ದಂತೆ. ಕೆಟ್ಟರೆ ಬೇಗ ಎತ್ತಿಡಲೆಂದೋ ಏನೋ.

‘ಅಕ್ಕಾರ, ಕಡೀ ಸಲ ಹೇಳ್ತೀನ್ರಿ, ಇವತ್ತೊಂದ ದಿನ ಆ ದೀಪ…’

ಜಗಲಿಯಲ್ಲಿ ಇನ್ನೊಂದು ಬಲ್ಬು ಹೆಚ್ಚಿಗೆ ಹಚ್ಚಿದೆ. ಅದಕ್ಕೂ ಚೈನಾ ಅಡಾಪ್ಟರೇ. ಅಜಯ ಹೊಸ್ತಿಲ ಬಳಿ ಸರಿದು ನಿಂತ.

೧೦:೨೦

ಮೂರನೆಯ ಎಸಳು. ಹೋದ ಸಲದ ಜಾಗ. ಉಡಿ ಬಿಗಿ ಹಿಡಿದು ನಿಂತೆ. ದಾಟಿತು. ಬೆರಳಾಡಿಸಿದೆ — ನುಣ್ಣಗೆ.

೧೧:೪೦

ಆರನೆಯದು. ಅಜಯ ಕೆಳಗೆ ಕೂತು ಗೋಡೆಯ ವೈರು ನೋಡಿದ, ಎದ್ದ, ಮತ್ತೆ ಕೂತ. ‘ಇದನ್ನ ಬ್ಯಾರೆ ಬ್ಯಾರೆ ಮಾಡಿದವ್ರು ಯಾರ್ರೀ? ಕಾಕಾರ ಕೈಲೆ ಆಗಂಗಿಲ್ಲಲ್ಲ.’

ಇವರು ಬಾಯಿ ತೆರೆದರು. ಅದಕ್ಕೂ ಮೊದಲು ನಾನೇ ಅಂದೆ:

‘ಜಡಿ ಹಾಕಿ ಹಲಗಿ ಕೆಡಿಸಿದಾಕಿ ನಾನ. ಬಿಚ್ಚಿ ನೆಟ್ಟಗ ಮಾಡಿದಾಕೀನೂ ನಾನ. ನಿಮ್ಮ ಪಾಂಡಪ್ಪಗ ಎರಡೂ ಹೇಳು. ಒಂದ ಹೇಳಬ್ಯಾಡ.’

ತಲೆ ತುರಿಸಿಕೊಂಡ. ‘ನಮ್ಮ ಮಷಿನ್ನೂ ಆಗಾಗ ಜಿಗೀತೈತ್ರಿ ಅಕ್ಕಾರ… ಒಮ್ಮೆ ಬಂದು ನೋಡ್ತೀರೇನು?’

‘ಮೊದಲ ನಿಮ್ಮ ದೇವರ ದೀಪ ಆರ್ಸಿ ನೋಡಪಾ’ ಅಂದರು ಇವರು. ಮಂಚ ಅಲುಗುವಷ್ಟು ನಕ್ಕರು.

೧೨:೩೫

ಎಂಟನೆಯದು. ಬರೆಯುತ್ತಲೇ ನೋಡುತ್ತಿದ್ದೇನೆ. ತುದಿಗೆ ಬಂತು. ತಿರುಗಿತು. ಅಮ್ಮಾ —

ಬಿಟ್ ಮೇಲೆದ್ದಿತು. ಸ್ಪಿಂಡಲ್ ನಿಂತಿತು.

ಹಿಂದೆ ಮಂಚದ ಸದ್ದು. ಅಜಯ ಕೈ ಕೊಡಲು ಓಡಿದ. ಇವರು ಬೇಡ ಅಂದರು. ಗೋಡೆ ಹಿಡಿದು, ತಾವಾಗಿಯೇ ಎದ್ದು, ಹಲಗೆಯ ಕಡೆ ಬಂದರು. ಎಂಟೂ ಎಸಳಿನ ಮೇಲೆ ಬೆರಳಾಡಿಸಿ, ‘ಪಾಸ್’ ಅಂದರು.