ಸೂಜಿಗೆ ಜಗ್ಗದ ಬೆರಳು

ಮಂಗಳವಾರ, ಮಾರ್ಚ್ ೪

ಗಿಟಾರಿನ ಆ ಹಾಳು ಎಫ್ ಕಾರ್ಡ್ ಇವತ್ತೂ ಪೂರ್ತಿ ಒಲಿಯಲಿಲ್ಲ. ಒಂದೇ ಬೆರಳಲ್ಲಿ ಆರೂ ತಂತಿ ಒತ್ತಿ ಹಿಡಿಯಬೇಕು. ನನ್ನ ಗಿಟಾರ್ ನೆಗಡಿಯಾದ ಮೂಗಿನ ಹಾಗೆ ಗೊರಗೊರ ಅನ್ನುತ್ತೆ.

ಆದರೂ ಇವತ್ತು ಗೆದ್ದವಳು ನಾನೇ! ಅಂಗಡಿಯಲ್ಲಿ ಕೋಟಿಗೆ ಕಾಲರ್ ಹೊಲಿಯುವಾಗ ಸೂಜಿ ಎಡಗೈ ನಡುಬೆರಳಿನ ತುದಿಗೆ ನೆಟ್ಟು ನಿಂತಿತು. ನನಗೆ ಗೊತ್ತಾಗಿದ್ದು ಯಜಮಾನಿ ಕಿರುಚಿದ ಮೇಲೆ.

"ನೋವಾಗಲ್ವೇನೇ? ನಿಂದೇನು ಮರದ ಬೆರಳಾ?"

"ಗಿಟಾರಿನ ಬೆರಳು, ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿದೆ," ಅಂದೆ. ಈ ವಯಸ್ಸಲ್ಲಿ ಗಿಟಾರಾ ಅಂತ ನಕ್ಕಾರು ಅಂತ ಇಷ್ಟು ದಿನ ಅಲ್ಲಿ ಬಾಯೇ ಬಿಟ್ಟಿರಲಿಲ್ಲ. ಇವತ್ತು ತಲೆ ಮೇಲೆ ಕೋಡು ಮೂಡಿದ ಹಾಗಿತ್ತು.

ಮನೆಗೆ ಬಂದು ಅತ್ತೆಗೆ ತೋರಿಸಿದೆ. ನಾನು ಗಿಟಾರ್ ಎತ್ತಿಕೊಂಡರೆ ಸಾಕು, ದಡಾರನೆ ಬಾಗಿಲು ಹಾಕಿಕೊಳ್ಳುವವರು ಅವರು. ಬೆರಳ ತುದಿ ಸವರಿ ಸವರಿ ನೋಡಿದರು. ಆಮೇಲೆ ತಮ್ಮ ಕುರ್ಚಿ ಎಳೆದು ತಂದು ನನ್ನೆದುರೇ ಕೂತರು.

"ಇಷ್ಟು ಗಟ್ಟಿಯಾಗೋ ತನಕ ಬಿಟ್ಟಿಲ್ಲ ಅಂದ್ರೆ ಅದೇನಿದೆಯೋ ಕೇಳೇಬಿಡ್ತೀನಿ. ಬಾರ್ಸು."

ಗೊರಗೊರ.

"ಇನ್ನೊಂದ್ಸಲ."

ಕೊನೆಗೆ ಐದು ತಂತಿ ಗಂಟೆಯ ಹಾಗೆ ನುಡಿದವು, ಆರನೆಯದು ಹಟ ಹಿಡಿಯಿತು. ಅತ್ತೆ ಮಲಗಲು ಎದ್ದರು. ಕುರ್ಚಿ ಒಳಗಿಡಲು ಹೋದರೆ ಬೇಡ ಅಂದರು, ನಾಳೆಗೆ ಬೇಕಂತೆ.