ಬೆಟಗೇರಿಯ ಗೋಡೆಯ ಮೇಲೆ ಮೂರು ನಿಮಿಷ

ಗದಗು
ಕ್ರಿಸ್ತಶಕ ೨೪೧೭, ಎರಡನೆಯ ಆಷಾಢದ ಮೂವತ್ತಮೂರನೆಯ ದಿನ

ಸಿನಿಮಾ ನೋಡಿದ ಕಾಲದ ಹಿರಿಯರಿಗೆ, ನೆನಪಿನ ಮನೆಯ ಬರಹಗಾರ ನೇಮಣ್ಣನ ನಮಸ್ಕಾರಗಳು.

ಇಂಥ ತಿಥಿ ಇರಲು ಸಾಧ್ಯವೇ ಎಂದು ನೀವು ಕೇಳಬಹುದು. ನಮ್ಮ ತಿಂಗಳುಗಳು ಮಳೆಯನ್ನು ನೋಡಿಕೊಂಡು ಉದ್ದವಾಗುತ್ತವೆ, ಗಿಡ್ಡವಾಗುತ್ತವೆ. ಈ ವರ್ಷ ಆಷಾಢ ಎರಡು ಸಲ ಬಂದಿದೆ. ನನ್ನ ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಾಗದಗಳಿಂದ ಕಲಿತವನು. ಯಾವ ಪದ ಮನೆಯದು, ಯಾವುದು ಕಚೇರಿಯದು ಎಂಬುದು ಇವತ್ತಿಗೂ ನನಗೆ ಸರಿಯಾಗಿ ತಿಳಿಯದು.

ಸಿನಿಮಾ ನಮ್ಮಲ್ಲಿಲ್ಲ. ನಮಗಿರುವುದು ಒಂಟಿಕಾಣ್ಕೆ. ಊಟವಾದ ಮೇಲೆ ಪ್ರತಿಯೊಬ್ಬರೂ ಹಣೆಗೆ ಒಂದು ಪಟ್ಟಿ ಕಟ್ಟಿಕೊಂಡು ಕೂರುತ್ತೇವೆ. ಕಥೆಯೊಂದು ಅವರವರ ಕಣ್ಣೆದುರಿಗೆ ಹುಟ್ಟುತ್ತದೆ. ಅದರೊಳಗಿನ ಜನ ನಮ್ಮನ್ನು ನೋಡುತ್ತಾರೆ, ನಮ್ಮ ಹೆಸರು ಹಿಡಿದು ಕರೆಯುತ್ತಾರೆ, ನಮಗೆ ಬೇಸರವಾದರೆ ಕಥೆ ಬದಲಿಸುತ್ತಾರೆ. ಪಟ್ಟಿ ಬಿಚ್ಚಿದೊಡನೆ ಎಲ್ಲ ಆರಿಹೋಗುತ್ತದೆ. ಅದನ್ನು ಹಿಡಿದಿಡುವ ವಿದ್ಯೆ ನಮ್ಮಲ್ಲಿಲ್ಲ. ನನ್ನ ಹೆಂಡತಿ ನಿನ್ನೆ ಏನು ಕಂಡಳೆಂದು ನನಗೆ ಗೊತ್ತಿಲ್ಲ, ಕೇಳುವ ರೂಢಿಯೂ ಇಲ್ಲ.

ಹೀಗಿರುವಾಗ, ಹಳೆಯ ಕಾಗದಗಳನ್ನು ಕಾಯುವ ನಮ್ಮ ನೆನಪಿನ ಮನೆಯ ಯಜಮಾನರಾದ ಈರಸಂಗಪ್ಪನವರು ಮಕ್ಕಳಿಗಾಗಿ ಸಿನಿಮಾದ ಚರಿತ್ರೆ ಬರೆದುಕೊಡೆಂದು ನನಗೆ ಹೇಳಿದರು. ದೊಡ್ಡ ಘಟ್ಟಗಳು ಸಾಕು, ಹತ್ತು ಪುಟ ಮೀರಬಾರದು ಎಂದರು. ನಾನು ಒಪ್ಪಿಕೊಂಡು ಗೊಂದಲದಲ್ಲಿ ಬಿದ್ದೆ. ೧೮೯೫ರಲ್ಲಿ ಪ್ಯಾರಿಸ್ಸಿನ ಕಾಫಿ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಜನ ದುಡ್ಡು ಕೊಟ್ಟು ಚಲಿಸುವ ಚಿತ್ರ ನೋಡಿದರು, ಮರುವರ್ಷವೇ ಅದು ಮುಂಬಯಿಗೆ ಬಂತು, ೧೯೩೪ರಲ್ಲಿ ಕನ್ನಡ ಮಾತಾಡಿತು. ಇಷ್ಟು ಸರಿ. ಆದರೆ ಪರದೆಯ ಮೇಲೆ ರೈಲು ಬಂದಾಗ ಜನ ಎದ್ದು ಓಡಿದರೆಂದು ಒಂದು ಕಾಗದ ಹೇಳಿದರೆ, ಯಾರೂ ಓಡಲಿಲ್ಲ, ಅದು ಆಮೇಲೆ ಕಟ್ಟಿದ ಕಥೆ ಎಂದು ಇನ್ನೊಂದು ಹೇಳುತ್ತದೆ. ಮೊದಲ ಬಣ್ಣ, ಮೊದಲ ಹಾಡು, ಮೊದಲ ನಾಯಕಿ ಎಂದು ಪ್ರತಿ ಊರಿನವರೂ ತಮ್ಮದೊಂದು ‘ಮೊದಲು’ ಬರೆದಿಟ್ಟಿದ್ದಾರೆ. ಅದಕ್ಕಿಂತ ದೊಡ್ಡ ಗೊಂದಲ ಬೇರೆ ಇತ್ತು. ನೂರಾರು ಜನ ಒಂದೇ ಗೋಡೆಗೆ ಮುಖ ಮಾಡಿ, ತಮ್ಮನ್ನು ಗುರುತೇ ಹಿಡಿಯದ ಚಿತ್ರವನ್ನು ಯಾಕೆ ನೋಡುತ್ತಿದ್ದರು?

ನಮ್ಮ ಉಗ್ರಾಣದಲ್ಲಿ ಏಳು ತಗಡಿನ ಡಬ್ಬಿಗಳಿದ್ದವು. ಆರರಲ್ಲಿದ್ದುದು ಕಂದು ಪುಡಿ. ಏಳನೆಯದರಲ್ಲಿ ಹುಳಿ ವಾಸನೆಯ ಒಂದು ಸುರುಳಿ ಉಳಿದಿತ್ತು. ಸುರುಳಿ ಬಿಚ್ಚಿದರೆ, ಪಟ್ಟಿಯ ಎರಡೂ ಅಂಚಿಗೆ ತೂತುಗಳು, ನಡುವೆ ಬೆರಳಗಲದ ಚಿತ್ರಗಳು, ಚಿತ್ರಗಳ ಪಕ್ಕದಲ್ಲಿ ಉದ್ದಕ್ಕೂ ಒಂದು ಅಂಕುಡೊಂಕು ಗೆರೆ. ಗೆರೆ ಅಲಂಕಾರಕ್ಕೆಂದು ಎಣಿಸಿದೆ. ಚಿತ್ರದಲ್ಲಿದ್ದವಳು ಬಿಳಿ ಸೀರೆಯ ಹೆಂಗಸು. ಡಬ್ಬಿಯ ಮೇಲೆ ಅವಳ ಹೆಸರಿಲ್ಲ, ಊರಿಲ್ಲ, ವರ್ಷವಿಲ್ಲ. ಮಾತಿಲ್ಲದ ಕಾಲದವಳೋ ಮಾತು ಬಂದ ಮೇಲಿನವಳೋ ಎಂದು ನಿರ್ಧರಿಸದೆ ಅವಳನ್ನು ಯಾವ ಪುಟಕ್ಕೂ ಸೇರಿಸುವಂತಿರಲಿಲ್ಲ.

ಆ ತೂತುಗಳನ್ನು ತೋರಿಸಲು ಪಕ್ಕದ ಬೆಟಗೇರಿಯ ಬಾಳವ್ವನ ಬಳಿಗೆ ಹೋದೆ. ಅರವತ್ತು ದಾಟಿದ ಬಾಳವ್ವ ಮಗ್ಗ ರಿಪೇರಿ ಮಾಡುವವಳು. ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋಗಿವೆ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ, ಉತ್ತರವನ್ನು ಬಾಯಿಂದಲೇ ಕೊಡುತ್ತಾಳೆ. ಆದರೆ ಪೇಟೆಯಲ್ಲಿ ಅವಳೊಡನೆ ಯಾರೂ ಎರಡು ಮಾತಿಗಿಂತ ಹೆಚ್ಚು ಆಡುವುದಿಲ್ಲ. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ ಅವಳು, ತೂತಿಗೆ ಹಲ್ಲು ಸಿಕ್ಕಿಸಿ ಎಳೆದು ನಿಲ್ಲಿಸುವುದು ಸೀರೆಗೆ ಹೂವಿನ ವಿನ್ಯಾಸ ತರುವ ಜಕಾರ್ಡ್ ಮಗ್ಗದ ತೂತಿನ ರಟ್ಟಿನ ಕೆಲಸವೇ ಅಲ್ಲವೇ ಎಂದಳು. ಎರಡು ತಿಂಗಳಲ್ಲಿ ಹಳೆಯ ಮಗ್ಗದ ಗಾಲಿಗಳಿಂದ, ಒಳಗೆ ದೀಪವಿಟ್ಟು ಚಿತ್ರವನ್ನು ಗೋಡೆಗೆ ಬಿಡುವ, ಕೈಯಿಂದ ತಿರುಗಿಸುವ ಒಂದು ಯಂತ್ರ ಮಾಡಿದಳು.

ಪಟ್ಟಿಯನ್ನು ಅದರಲ್ಲಿ ಓಡಿಸಲು ಈರಸಂಗಪ್ಪನವರು ಒಪ್ಪಲಿಲ್ಲ. ಪಟ್ಟಿ ಹಪ್ಪಳದಂತಾಗಿತ್ತು. ಒಂದು ಸಲ ಓಡಿಸಿದರೆ ಮತ್ತೆ ಓಡುವಂತಿರಲಿಲ್ಲ, ಆ ಒಂದು ಸಲವೂ ಪೂರ್ತಿ ಓಡೀತೆಂಬ ಭರವಸೆಯಿರಲಿಲ್ಲ. ಇರುವುದೊಂದನ್ನೂ ಕಳೆದರೆ ಮುಂದಿನವರಿಗೆ ಏನು ಹೇಳಲಿ ಎಂದು ಅವರು ಕೇಳಿದರು. ಅವರ ಮಾತೇ ಸರಿಯೆನಿಸಿ ನಾನು ಡಬ್ಬಿ ಮುಚ್ಚಿದೆ. ಬಾಳವ್ವ ಬಿಡಲಿಲ್ಲ.

“ಯಜಮಾನ್ರ, ನೇದ ಸೀರಿ ಯಾರೂ ಉಡದಽ ಪೆಟ್ಟಿಗ್ಯಾಗ ಇದ್ರ ಅದು ಬರೇ ನೂಲು,” ಎಂದಳು. “ಆಕಿ ಯಾರಿಗೋ ಏನೋ ಹೇಳಾಕ ಬಾಯಿ ತಗದಾಳ. ಎಷ್ಟು ವರ್ಷ ಹಂಗಽ ನಿಂದರಸ್ತೀರಿ?”

ಯಜಮಾನರು ಎರಡು ದಿನ ಯೋಚಿಸಿದರು. ಕೊನೆಗೆ, ಹೋಗುವುದಾದರೆ ಎಲ್ಲರ ಕಣ್ಣೆದುರಿಗೇ ಹೋಗಲಿ ಎಂದು ಹೇಳಿ, ಊರಿಗೆಲ್ಲ ತಿಳಿಸಿದರು.

ಹಾಗೆ ಒಂದು ಮಧ್ಯಾಹ್ನ ಕಿಟಕಿಯಿಲ್ಲದ ಮಗ್ಗದ ಮನೆಯಲ್ಲಿ ನೂರ ಹನ್ನೆರಡು ಜನ ನೆಲದ ಮೇಲೆ ಕೂತರು. ಹಣೆಪಟ್ಟಿ ಕಟ್ಟಿಕೊಳ್ಳದೆ ಕಥೆ ನೋಡುವುದು ಹೇಗೆಂದು ಕೆಲವರು ಹಣೆ ಮುಟ್ಟಿಕೊಳ್ಳುತ್ತಿದ್ದರು. ನಾನು ಹಿಡಿಕೆ ತಿರುಗಿಸಿದೆ. ಬಾಳವ್ವ ಪಕ್ಕದಲ್ಲಿ ನಿಂತಳು. ಸುಣ್ಣದ ಗೋಡೆಯ ಮೇಲೆ ಆ ಹೆಂಗಸು ಅಡುಗೆಮನೆಯಿಂದ ಬಂದಳು. ಸೆರಗಿಗೆ ಕೈ ಒರೆಸಿಕೊಂಡಳು, ಬಾಗಿಲು ತೆರೆದಳು. ಮುಂದಿನ ಸಾಲಿನ ಕಿರಾಣಿ ವ್ಯಾಪಾರಿಯೊಬ್ಬ ಅವಳಿಗೆ ಕೈ ಬೀಸಿದ. ಅವಳು ನೋಡಲಿಲ್ಲ. ಅವನು ಪೆಚ್ಚಾಗಿ ತಿರುಗಿ ಪಕ್ಕದವನನ್ನು, ನಿನ್ನನ್ನಾದರೂ ನೋಡುತ್ತಿದ್ದಾಳೆಯೇ ಎಂದು ಕೇಳಿದ. ಇಲ್ಲವೆಂದು ಪಕ್ಕದವನೆಂದ. ಒಂದು ಕ್ಷಣ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಪಕ್ಕದವರಿಗೆ ಕಾಣುತ್ತಿರುವುದೇ ತಮಗೂ ಕಾಣುತ್ತಿದೆ ಎಂಬುದು ಹೊಳೆದಾಗ ಮಗ್ಗದ ಮನೆಯಲ್ಲಿ ಹೆದರಿಕೆಯಂಥದ್ದು ಹರಿಯಿತು. ನನಗೂ ಹಾಗೆಯೇ ಆಯಿತು. ಹೊರಗೆ ಓಡಬೇಕೆನಿಸಿತು, ಕೈ ಮಾತ್ರ ಹಿಡಿಕೆ ಬಿಡಲಿಲ್ಲ.

ಆಗ ಗೋಡೆಯ ಮೇಲಿನ ತುಟಿ ನೋಡುತ್ತ ಬಾಳವ್ವ ಮಾತಾಡಿದಳು. ಯಾರೂ ಕೇಳಿರಲಿಲ್ಲ, ಅವಳೇ ಶುರುಮಾಡಿದಳು.

“‘ಈಗ ಬಂದ್ಯಾ’ ಅಂತಾಳ,” ಎಂದಳು. “‘ಅಪ್ಪ ಮಲಗಿದ್ದಾರೆ, ಮೆಲ್ಲಗೆ ಬಾ’ ಅಂತಾಳ.”

ನೂರ ಹನ್ನೆರಡು ಜನ ಗೋಡೆಯನ್ನೊಮ್ಮೆ ಬಾಳವ್ವನನ್ನೊಮ್ಮೆ ನೋಡತೊಡಗಿದರು. ಮುಂದೇನು, ಮುಂದೇನು ಎಂದು ನಾಲ್ಕೂ ಕಡೆಯಿಂದ ಕೇಳಿದರು. ಕತ್ತಲಲ್ಲಿ ಅವರ ತುಟಿ ಅವಳಿಗೆ ಕಾಣಿಸುವಂತಿರಲಿಲ್ಲ. ಆದರೂ ಜನ ತನ್ನತ್ತ ತಿರುಗಿರುವುದು ತಿಳಿದು ದನಿ ಏರಿಸಿದಳು. ಹೆಂಗಸು ಬಾಗಿಲ ಹೊರಗಿನವರಿಗೆ ನನ್ನ ಪೆಟ್ಟಿಗೆ ತುಂಬಿಟ್ಟಿದ್ದೇನೆ ಎಂದಳಂತೆ, ಅಪ್ಪನಿಗೆ ಹೇಳಿಲ್ಲ ಎಂದಳಂತೆ. ಆಮೇಲೆ ಅವಳ ಮುಖ ಗೋಡೆ ತುಂಬಿತು. ಅವಳು ತುಟಿ ಬಿಚ್ಚುತ್ತಿದ್ದ ಹಾಗೆಯೇ ಪಟ್ಟಿ ಸಿಕ್ಕಿಕೊಂಡಿತು. ದೀಪದ ಕಾವಿಗೆ ಆ ಮುಖದ ನಡುವೆ ಕಂದು ಬೊಬ್ಬೆಯೆದ್ದು ಹಬ್ಬಿತು. ಒಂದಷ್ಟು ಚಿತ್ರಗಳು ಕರಗಿಹೋದವು, ಉಳಿದದ್ದು ಚೂರುಚೂರಾಯಿತು. ಒಟ್ಟು ಮೂರು ನಿಮಿಷ ನೋಡಿದ್ದೆವು.

ಯಾರೂ ಏಳಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಅವಳು ಅಳುತ್ತಿದ್ದಳೆಂದರು ಕೆಲವರು, ನಗುತ್ತಿದ್ದಳೆಂದರು ಕೆಲವರು. ಒಂದೇ ಗೋಡೆ, ಒಂದೇ ಮುಖ, ಆದರೂ ಹೀಗೇಕೆಂದು ನನಗೆ ತಿಳಿಯಲಿಲ್ಲ. ಜಗಳವಾಡುತ್ತಲೇ ಅವರು ಬಾಳವ್ವನ ಸುತ್ತ ನೆರೆದು, ಅವಳಿಗೆ ಕಾಣುವಂತೆ ಮುಖವೆತ್ತಿ, ನಿಧಾನವಾಗಿ ಕೇಳಿದರು. ಅವಳು ಒಬ್ಬೊಬ್ಬರಿಗೂ ಮೊದಲಿನಿಂದ ಹೇಳಿದಳು. ಐವತ್ತು ವರ್ಷಗಳಲ್ಲಿ ಅಷ್ಟು ಜನ ತನ್ನೊಡನೆ ಮಾತಾಡಿರಲಿಲ್ಲವೆಂದು ಆಮೇಲೆ ನನಗೆ ಹೇಳಿದಳು.

ಚೂರುಗಳನ್ನು ಜೋಡಿಸಲು ಕೂತಾಗ ಇನ್ನೊಂದು ಸಂಗತಿ ಗೊತ್ತಾಯಿತು. ಪಕ್ಕದ ಅಂಕುಡೊಂಕು ಗೆರೆ ಹೆಂಗಸು ಸುಮ್ಮನಿರುವಲ್ಲಿ ತೆಳ್ಳಗಿತ್ತು, ಮಾತಾಡುವಲ್ಲಿ ದಪ್ಪಗಾಗುತ್ತಿತ್ತು. ಅದೂ ಬಾಯಿಯ ಪಕ್ಕದಲ್ಲೇ ಅಲ್ಲ, ಒಂದು ಮೊಳಕ್ಕೆ ತುಸು ಕಡಿಮೆಯಷ್ಟು ಮುಂಚೆ. ಅದನ್ನು ಕಂಡುಹಿಡಿದವಳು ಬಾಳವ್ವನೇ.

“ತಮ್ಮಾ, ಇದು ಆಕಿ ದನಿ,” ಎಂದಳು. “ಮಾರಿಗಿಂತ ಮಾತು ಮುಂದ ನಡದೈತಿ.”

ದನಿ ಉದ್ದಕ್ಕೂ ಅಲ್ಲೇ ಇತ್ತು. ಅದನ್ನು ಕೇಳದೆಯೇ ಸುಟ್ಟಿದ್ದೆವು. ನಾವು ಮಾಡಿದ್ದು ಸರಿಯೋ ತಪ್ಪೋ ಇನ್ನೂ ಬಗೆಹರಿದಿಲ್ಲ. ಈರಸಂಗಪ್ಪನವರು ನನ್ನನ್ನು ಬೈಯಲಿಲ್ಲ. ಮಾತು ಬಂದ ಮೇಲಿನ ಪುಟಕ್ಕೆ ಅವಳನ್ನು ಸೇರಿಸು ಎಂದಷ್ಟೇ ಹೇಳಿ ಒಳಗೆ ಹೋದರು. ಬಾಳವ್ವನ ಲೆಕ್ಕ ಮಾತ್ರ ಬೇರೆಯಿತ್ತು. ಮಾತು ಮುಂದೆ ನಡೆದಿದ್ದರೆ, ಸುಟ್ಟ ಮುಖದ ಮಾತು ಸುಡದ ಚೂರಿನಲ್ಲಿ ಉಳಿದಿರಬೇಕು.

ನಮ್ಮ ಮನೆಗಳ ಮಾಡಿನ ಮೇಲೆ ಬೆಳಕನ್ನು ವಿದ್ಯುತ್ತಾಗಿಸುವ ಬಿಸಿಲುಹಾಳೆಗಳಿರುತ್ತವೆ. ಅವಳು ಅಂಥದೊಂದು ತುಣುಕನ್ನು ಗೆರೆಯ ಹಿಂದಿಟ್ಟು, ವಿದ್ಯುತ್ತು ಹಾಯ್ದರೆ ಅದುರುವಂತೆ ಬಿಗಿದ ತೆಳುವಾದ ಒಂದು ತೊಗಲಿಗೆ ತಂತಿಯಿಂದ ಜೋಡಿಸಿದಳು. ನಿನ್ನೆ ಬೆಳಿಗ್ಗೆ ಆ ಮೊಳದುದ್ದದ ಚೂರನ್ನು ದೀಪದ ಮುಂದೆ ಎಳೆದಳು. ತೊಗಲಿನ ಮೇಲೆ ಅವಳ ಬೆರಳು, ಅದಕ್ಕೆ ತಾಗಿದಂತೆ ನನ್ನ ಕಿವಿ. ಒಂದೇ ಒಂದು ಪದ ಬಂತು. ‘ಬರ್ತೀಯಾ’ ಎಂದಳೋ ‘ಇರ್ತೀಯಾ’ ಎಂದಳೋ ನನಗೆ ತಿಳಿಯಲಿಲ್ಲ. ಮತ್ತೆ ಎಳೆದೆವು. ಮೂರನೆಯ ಸಲಕ್ಕೆ ಚೂರು ಪುಡಿಯಾಯಿತು.

ಬಾಳವ್ವ ಬೆರಳು ತೆಗೆಯದೆ ನನ್ನ ತುಟಿಯನ್ನೇ ನೋಡುತ್ತಿದ್ದಳು. “ಏನಂದ್ಳು, ತಮ್ಮಾ?” ಎಂದು ಕೇಳಿದಳು.

ಕಿವಿಯಿರುವ ನಾನು ಎರಡು ಪದಗಳನ್ನೂ ಹೇಳಿ, ಯಾವುದೆಂದು ಗೊತ್ತಿಲ್ಲವೆಂದೆ.

ಹಿರಿಯರೇ, ಆ ಹೆಂಗಸು ನಿಮ್ಮ ಕಾಲದವಳು. ಬಿಳಿ ಸೀರೆ, ಎಡಗೆನ್ನೆಯ ಮೇಲೆ ಸಣ್ಣ ಮಚ್ಚೆ, ಬಲಗೈಯಿಂದ ಬಾಗಿಲು ತೆರೆಯುತ್ತಾಳೆ. ನಿಮ್ಮಲ್ಲಿ ಯಾರಾದರೂ ಅವಳನ್ನು ಪೂರ್ತಿ ನೋಡಿದ್ದರೆ, ‘ಬರ್ತೀಯಾ’ ಎಂದು ಕರೆದಳೋ ‘ಇರ್ತೀಯಾ’ ಎಂದು ಉಳಿಸಿಕೊಂಡಳೋ ಅದೊಂದನ್ನು ಎಲ್ಲಾದರೂ ಬರೆದಿಡಿ. ಕಲ್ಲಿನ ಮೇಲೆ ಬರೆದರೆ ಒಳ್ಳೆಯದು. ನಾನು ಹುಡುಕುತ್ತೇನೆ. ಬಾಳವ್ವ ಇನ್ನೂ ಕಾಯುತ್ತಿದ್ದಾಳೆ.