ಎಡಗಂಬದ ಬಳಿಯ ಮರಳು

ಮೈದಾನದ ಮನೆ,
ಗುರುವಾರ, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಮಗೂ,

ಕಾಲಿನ ಊತ ಇಳಿಯಿತೇ? ಬಿಸಿನೀರಿಗೆ ಉಪ್ಪು ಹಾಕಿ ಅದ್ದಿಕೊಂಡು ಕೂರು ಎಂದರೆ ನೀನು ಕೇಳುವವನಲ್ಲ, ಆದರೂ ಹೇಳುತ್ತೇನೆ. ನಿನ್ನ ಗೆಳೆಯ ವೆಲ್ಡರ್ ಅಡುಗೆ ಮಾಡುತ್ತಾನೋ, ಇಲ್ಲ ಇಬ್ಬರೂ ಬ್ರೆಡ್ಡು ತಿಂದು ಮಲಗುತ್ತೀರೋ? ಫೈನಲ್ ಮುಗಿದದ್ದೇ ಚೀಲ ಹೆಗಲಿಗೇರಿಸಿಕೊಂಡು, ಮನೆ ಬಾಗಿಲಿಗೂ ಬಾರದೆ ಹೊರಟುಹೋದೆಯಲ್ಲ. ತಂಗಿ ಚೆನ್ನಾಗಿದ್ದಾಳೆ. ಶಾಲೆಯಲ್ಲಿ ಯಾವಳೋ ನಿನ್ನನ್ನು ‘ಮಾರಿಕೊಂಡ ಕೀಪರ್’ ಅಂದಳಂತೆ, ಅವಳ ಊಟದ ಡಬ್ಬಿಗೆ ಮಣ್ಣು ತುಂಬಿ ಬಂದಿದ್ದಾಳೆ. ಬೈಯಬೇಕಿತ್ತು, ಬೈಯಲಿಲ್ಲ.

ಇಲ್ಲಿಯ ಸುದ್ದಿ ಬರೆಯಲು ಹೇಸಿಗೆಯಾಗುತ್ತದೆ. ಐವತ್ತು ವರ್ಷಗಳಲ್ಲಿ ಮೊದಲ ಸಲ ಗಿರಣಿ ಕ್ಲಬ್ಬೂ ನಿನ್ನ ಬಂದರು ಕ್ಲಬ್ಬೂ ಫುಟ್‌ಬಾಲ್ ಫೈನಲ್‌ನಲ್ಲಿ ಎದುರಾದವು, ಗಿರಣಿಯವರು ಗೆದ್ದರು, ಸರಿ. ಅದಕ್ಕೆ ಕಪ್ಪನ್ನು ಮನೆಮನೆಗೆ ಹೊತ್ತು ಮೆರೆಸಬೇಕೇ? ಮೈದಾನ ನೋಡಿಕೊಳ್ಳುವವರ ಮನೆಯೆಂದು ನಮ್ಮಲ್ಲಿಗೂ ತಂದರು. ನಾನು ಒಗೆದು ಮಡಿಸಿಟ್ಟ ಜರ್ಸಿಗಳನ್ನು ಪಕ್ಕಕ್ಕೆ ತಳ್ಳಿ ಊಟದ ಮೇಜಿನ ಮೇಲೆ ಕುಕ್ಕಿದರು. ಕ್ಲಬ್ಬಿನ ಕಾರ್ಯದರ್ಶಿ ಅದಕ್ಕೆ ಬಿಯರ್ ಸುರಿದು, ಕುಡಿದು, ನಿಮ್ಮಪ್ಪನ ಕೈಗೆ ಕೊಟ್ಟ. ನಿಮ್ಮಪ್ಪ ಕುಡಿದು ಇನ್ನೊಬ್ಬನಿಗೆ ದಾಟಿಸಿದರು. ಒಬ್ಬರ ಎಂಜಲು ಒಬ್ಬರು, ಒಳಗೆ ಸಿಗರೇಟಿನ ತುಂಡು ಬೇರೆ ತೇಲುತ್ತಿತ್ತು. ಅದಕ್ಕೆ ಮುತ್ತಿಡುತ್ತಾರಲ್ಲ ಮಹಾನುಭಾವರು! ಮೇಜನ್ನು ಮೂರು ಸಲ ಸೋಪು ಹಾಕಿ ಉಜ್ಜಿದ್ದೇನೆ, ಈಗಲೂ ಅಲ್ಲಿ ತಟ್ಟೆ ಇಡಲು ಮನಸ್ಸು ಬರುವುದಿಲ್ಲ.

ನೀನು ಜಾರಿದ್ದು ನಿನ್ನ ತಪ್ಪಲ್ಲ. ಇದನ್ನು ಎರಡು ಸಲ ಓದು. ಪಂದ್ಯದ ದಿನ ಬೆಳಿಗ್ಗೆ ಆರಕ್ಕೇ ಕಾರ್ಯದರ್ಶಿ ಹಿತ್ತಲ ಬಾಗಿಲಿಗೆ ಬಂದು ನಿಮ್ಮಪ್ಪನಿಗೆ, “ಗಡಿಯಾರದ ಕಡೆ ಗೋಲು, ಎಡಗಂಬದ ಹತ್ರ, ಎರಡೇ ಹೆಜ್ಜೆ ಜಾಗ ಸಾಕು” ಅಂದ. ನಿಮ್ಮಪ್ಪ ಅಲ್ಲಿಯ ಮಣ್ಣನ್ನು ಒಂದು ಗೇಣು ಸಡಿಲ ಮಾಡಿ, ನಾಲ್ಕು ಬಿಂದಿಗೆ ನೀರು ಕುಡಿಸಿ, ಮೇಲೆ ತೆಳ್ಳಗೆ ಒಣ ಮರಳು ಹರಡಿ ಪೊರಕೆಯಲ್ಲಿ ಸವರಿದರು. ಮೂವತ್ತು ವರ್ಷದ ಕಸುಬು ನೋಡು, ರೆಫರಿ ಬಂದು ಅಲ್ಲೇ ನಿಂತು ಬಲೆ ಎಳೆದು ನೋಡಿದರೂ ಗೊತ್ತಾಗಲಿಲ್ಲ. ಗಿರಣಿಯ ಕೀಪರನಿಗೆ ಆ ಕಂಬದ ಬಳಿ ಕಾಲಿಡಬೇಡವೆಂದೂ, ಫಾರ್ವರ್ಡ್ ಆಟಗಾರರಿಗೆ ಚೆಂಡು ಅಲ್ಲಿಗೇ ಹೊಡೆಯಿರೆಂದೂ ಮೊದಲೇ ಕಿವಿಯೂದಿದ್ದರು. ಇದೆಲ್ಲ ನಿಮ್ಮ ಕ್ಲಬ್ಬಿನ ಹಿರಿಯ ಕೀಪರನಿಗಾಗಿ ಮಾಡಿದ್ದು. ನೀನು ನಾಲ್ಕು ವರ್ಷದಿಂದ ಬೆಂಚು ಬಿಸಿ ಮಾಡುತ್ತಿದ್ದವನು, ನೀನು ಇಳಿಯುತ್ತೀಯೆಂದು ಯಾರು ಕಂಡಿದ್ದರು?

ಆದರೆ ಧ್ವನಿವರ್ಧಕದಲ್ಲಿ ಹಿರಿಯ ಕೀಪರನಿಗೆ ಜ್ವರ, ಅವನ ಬದಲು ನೀನು ಎಂದು ಕೂಗಿದಾಗ ಪಂದ್ಯಕ್ಕೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಒಂದು ತಳ್ಳುಗಾಡಿ ಒಣಮಣ್ಣು ಸುರಿದು ತುಳಿದಿದ್ದರೆ ಮುಗಿದಿತ್ತು. ನಿಮ್ಮಪ್ಪ ಸುಣ್ಣದ ಡಬ್ಬ ಕೆಳಗಿಟ್ಟರು, ಸಿಗರೇಟು ಹಚ್ಚಿದರು, ಬೆಂಚಿನ ಮೇಲೆ ಕೂತರು. ಎಂಬತ್ತೆರಡನೇ ನಿಮಿಷದಲ್ಲಿ ಆ ಚೆಂಡು ತೆವಳುತ್ತಾ ಬಂತಲ್ಲ, ನಿನ್ನ ತಂಗಿ ಹಿಡಿಯಬಹುದಾದ ಚೆಂಡು! ನೀನು ಕಾಲೂರಿದೆ, ಕಾಲು ಹೋಯಿತು, ಕುಂಡೆ ಊರಿ ಬಿದ್ದೆ. ಇಡೀ ಮೈದಾನ ನಕ್ಕಿತು. “ಅಪ್ಪನ ಕ್ಲಬ್ಬಿಗೆ ಮಗನ ಉಡುಗೊರೆ ಕಣ್ರೋ” ಎಂದು ನನ್ನ ಹಿಂದೆಯೇ ಒಬ್ಬ ಕಿರುಚಿದ. ನಿಮ್ಮಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೂವತ್ತು ವರ್ಷ ಜೊತೆಗಿದ್ದೇನೆ, ಆ ಮನುಷ್ಯನ ಕೈಗಳನ್ನು ನೋಡಿದರೆ ಈಗ ನನಗೆ ವಾಕರಿಕೆ ಬರುತ್ತದೆ.

ಸೋಮವಾರ ನಿಮ್ಮ ಸಮಿತಿ ನಿನ್ನನ್ನು ಕರೆದಿದೆಯೆಂದು, ಪಂದ್ಯ ಮಾರಿದೆಯೆಂದು ಹೆಸರು ಹೊಡೆದುಹಾಕಿದರೆ ಇನ್ನಾವ ಕ್ಲಬ್ಬೂ ನಿನ್ನನ್ನು ಸೇರಿಸಿಕೊಳ್ಳುವುದಿಲ್ಲವೆಂದು ಕೇಳಿದೆ. ಹೋಗಿ ನಿಜ ಹೇಳಿ ಎಂದು ನಿಮ್ಮಪ್ಪನನ್ನು ಮೂರು ದಿನ ಬೇಡಿಕೊಂಡೆ. “ಬಂದ ಕಪ್ಪನ್ನ ವಾಪಸ್ ಕೊಡೋಕೆ ನಂಗೇನು ತಲೆ ಕೆಟ್ಟಿದ್ಯಾ? ಅವನು ಹುಡುಗ, ಮರೀತಾನೆ” ಅಂದರು. ಅವತ್ತಿನಿಂದ ಅವರಿಗೆ ತಟ್ಟೆ ಹಾಕಿಕೊಡುತ್ತೇನೆ, ಮಾತಾಡುವುದಿಲ್ಲ.

ಮೈ ನೋಡಿಕೋ. ನಿನ್ನ ವೆಲ್ಡರ್ ಗೆಳೆಯನಿಗೂ ನನ್ನ ಆಶೀರ್ವಾದ ಹೇಳು, ಕಣ್ಣು ಜೋಪಾನವೆನ್ನು. ತಂಗಿ ನಿನಗೊಂದು ಚಿತ್ರ ಬರೆದಿದ್ದಾಳೆ, ಒಳಗಿಟ್ಟಿದ್ದೇನೆ. ನೂರು ಕಾಲ ಚೆನ್ನಾಗಿರು, ನನ್ನ ಕಂದ.

ಇಂತಿ,
ನಿನ್ನ ಅಮ್ಮ

ಮರೆತೆ: ಅಂಚೆಯವನು ಗೇಟಿನಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಇದೆಲ್ಲ ಇಷ್ಟು ಸರಿಯಾಗಿ ನನಗೆ ಹೇಗೆ ಗೊತ್ತೆಂದು ನೀನು ಕೇಳಿಯೇ ಕೇಳುತ್ತೀಯ. ಆ ಮರಳನ್ನು ಅಡುಗೆಮನೆಯ ಜರಡಿಯಲ್ಲಿ ಸಾಣಿಸಿಕೊಟ್ಟವಳು ನಾನು. ಯಾರೋ ಬೇರೆ ಹೆತ್ತವಳ ಮಗ ಬೀಳುತ್ತಾನೆ, ನನಗೇನು ಎಂದುಕೊಂಡೆ. ನಿನ್ನ ಹೆಸರು ಕೂಗಿದಾಗ ನಾನೂ ಅದೇ ಬೆಂಚಿನ ಮೇಲಿದ್ದೆ, ನಾನೂ ಬಾಯಿ ಬಿಡಲಿಲ್ಲ. ನಿಮ್ಮಪ್ಪನಿಗೆ ಅಷ್ಟೆಲ್ಲ ಬೈದು ಇದನ್ನು ಕೊನೆಗೆ ಉಳಿಸಿಕೊಂಡೆ ನೋಡು. ಸೋಮವಾರ ಹತ್ತಕ್ಕೆ ಸಮಿತಿಯ ಮುಂದೆ ನಾನೇ ಬಂದು ಎಲ್ಲವನ್ನೂ ಹೇಳುತ್ತೇನೆ. ತಂಗಿಯನ್ನೂ ಕರೆತರುತ್ತೇನೆ, ಆಮೇಲೆ ಈ ಮನೆಗೆ ನಾವು ಮರಳುವಂತಿಲ್ಲ. ಅವಳಿಗೆ ನಿನ್ನ ಕೋಣೆಯಲ್ಲಿ ಜಾಗ ಕೊಡು. ನನ್ನ ಮುಖ ನೋಡಲು ನಿನಗೆ ಹೇಸಿಗೆಯಾದರೆ ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ.